ಪೋಸ್ಟ್ ಮಾವನ ಸ್ಪ್ರೇ ಪಂಪು

ಹೋದವರು ಹೋದರು. ಬಂದಿದ್ದ ನೆಂಟರೂ ಹಿಂದಿನ ಸಂಜೆಯ ಬಸ್ಸು ಹಿಡಿದು ಹೋದರು. ಬಾಡಿಗೆ ಕುರ್ಚಿಗಳೂ ಹೋದವು. ನನ್ನ ಗಂಡನ ಅಂತ್ಯಕ್ರಿಯೆಯಾದ ಮೇಲೆ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ ಇದ್ದ ಮೊದಲ ಬೆಳಿಗ್ಗೆ ಅದು. ಬೀದಿ ನಲ್ಲಿಯಲ್ಲಿ ನೀರು ಬರುವ ದಿನ. ಮೊದಲ ಕೊಡ ಒಳಗಿಟ್ಟು ಎರಡನೆಯದಕ್ಕೆ ಹೊರಟಿದ್ದೆ.

ಗೇಟಿನ ಆಚೆ ಯಾರೋ ಕೆಮ್ಮಿದರು.

ಪಕ್ಕದ ಮನೆಯ ಪೋಸ್ಟ್ ಮಾವ. ಮೂವತ್ತು ವರ್ಷ ಕಾಗದ ಹಂಚಿ ನಿವೃತ್ತರಾದವರು. ನಮಗೆ ನೆಂಟರಲ್ಲ, ಆದರೆ ಬೀದಿಗೆಲ್ಲ ಮಾವ. ನಮ್ಮ ಮನೆಯ ಹಿಂದೆ ಒಂದು ತುಂಡು ತರಕಾರಿ ತೋಟವಿದೆ. ಬೇಲಿಯ ಆಚೆ ಅವರದು ಇನ್ನೊಂದು ತುಂಡು.

"ಕೇಳಬಾರದು, ಆದರೂ ಕೇಳ್ತೀನಿ," ಎಂದರು. "ನಮ್ಮ ಸ್ಪ್ರೇ ಪಂಪು ನಿಮ್ಮಲ್ಲೇ ಇದೆ. ಮೂರು ವಾರ ಆಯ್ತು ಅವನು ತಗೊಂಡು ಹೋಗಿ. ನನ್ನ ಬೀನ್ಸಿಗೆ ಹೇನು ಹತ್ತಿದೆ."

ಬೆನ್ನಿಗೆ ಏರಿಸಿ, ಒಂದು ಕೈಯಲ್ಲಿ ಹಿಡಿ ಆಡಿಸುತ್ತ ಇನ್ನೊಂದು ಕೈಯಲ್ಲಿ ಔಷಧಿ ಹೊಡೆಯುವ ಪಂಪು ಅದು. ಹಿತ್ತಲಲ್ಲಿ ಬಿಸಿಲಿಗೆ ನಿಂತಿತ್ತು. ಎತ್ತಿದಾಗ ಒಳಗೆ ಏನೋ ತುಳುಕಿತು.

ಮಾವ ಅದನ್ನು ನೆಲದ ಮೇಲಿಟ್ಟು ಹಿಡಿಯನ್ನು ನಾಲ್ಕು ಸಲ ಒತ್ತಿದರು. ಹಿಡಿ ಮೆತ್ತಗೆ ಕೆಳಗಿಳಿಯಿತು. ಒತ್ತಡವೇ ಹುಟ್ಟಲಿಲ್ಲ. ಮೂತಿಯಿಂದ ಎರಡು ಹನಿ ಬಿದ್ದು ನಿಂತುಹೋಯಿತು. ಅವರು ಪಂಪನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲ ಬಳಿ ಇನ್ನೂ ಇದ್ದ ನನ್ನ ಗಂಡನ ಚಪ್ಪಲಿಗಳನ್ನು ನೋಡಿದರು.

"ನಾನು ಕೊಡೋವಾಗ ಚೆನ್ನಾಗಿತ್ತು," ಎಂದರು. "ಇರಲಿ ಬಿಡಮ್ಮ. ಹೋದವನ ಬಗ್ಗೆ ಮಾತಾಡಬಾರದು."

ಮಾತಾಡಬಾರದು ಎಂದವರು ಬೀದಿಯ ತುದಿ ಮುಟ್ಟುವಷ್ಟರಲ್ಲಿ ಮಾತಾಡಿಬಿಟ್ಟಿದ್ದರು. ನಾನು ಕೊಡ ಹಿಡಿದು ನಲ್ಲಿಯ ಹತ್ತಿರ ಹೋದಾಗ ಅಲ್ಲಿದ್ದ ನಾಲ್ಕು ಜನ ಒಮ್ಮೆಲೇ ಸುಮ್ಮನಾದರು. ಒಬ್ಬಾಕೆ ನನಗಾಗಿ ಜಾಗ ಬಿಟ್ಟಳು. ಎಂದೂ ಬಿಡದವಳು.

ಅತ್ತೆಗೆ ಹೇಳಿದೆ.

"ಕೆಟ್ಟಿದ್ದನ್ನೇ ಕೊಟ್ಟಿದ್ದಾನೆ ಆ ಮನುಷ್ಯ," ಎಂದರು ಅತ್ತೆ. "ಈಗ ಸತ್ತವನ ತಲೆಗೆ ಕಟ್ಟುತ್ತಿದ್ದಾನೆ. ನನ್ನ ಮಗ ಎದ್ದು ಬಂದು ಉತ್ತರ ಹೇಳ್ತಾನಾ?"

ಯಾರು ಕೆಡಿಸಿದ್ದೆಂದು ನನಗೆ ಗೊತ್ತಿರಲಿಲ್ಲ. ತಿರುವಿನಲ್ಲಿ ನನ್ನ ಗಂಡನ ಗಾಡಿಗೆ ಲಾರಿ ಅಡ್ಡ ಬಂದ ದಿನದಿಂದ ನನಗೆ ಯಾವುದರ ಬಗ್ಗೆಯೂ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಎರವಲು ತಂದದ್ದನ್ನು ಹಾಳು ಮಾಡಿಟ್ಟು ಹೋದ ಎನ್ನುವ ಮಾತೊಂದೇ ಅವರ ಹೆಸರಿನ ಜೊತೆ ಈ ಬೀದಿಯಲ್ಲಿ ಉಳಿಯುವುದು ನನಗೆ ಬೇಕಿರಲಿಲ್ಲ. ಮಾವ ಅಲ್ಲೇ ಬಿಟ್ಟುಹೋಗಿದ್ದ ಪಂಪನ್ನು ಎತ್ತಿಕೊಂಡು ಪೇಟೆಗೆ ಹೊರಟೆ.

ಮಾರುಕಟ್ಟೆಯ ಮೂಲೆಯಲ್ಲಿ ಪಂಪು ರಿಪೇರಿ ಮಾಡುವ ಹೆಂಗಸಿನ ಅಂಗಡಿಯಿದೆ. ಊರೆಲ್ಲ ಅವರನ್ನು ವಾಷರ್ ಅಕ್ಕ ಎನ್ನುತ್ತದೆ. ಅತ್ತೆಯೂ ನನ್ನ ಜೊತೆ ಬಂದರು. "ಬಿಚ್ಚಿದ ಮೇಲೆ ಒಳಗಿನ ಒಳ್ಳೇ ಸಾಮಾನು ತೆಗೆದು ಕೆಟ್ಟಿದ್ದು ಹಾಕ್ತಾರೆ. ಕಣ್ಣಿಟ್ಟು ಕೂತಿರಬೇಕು," ಎಂದು ಸ್ಟೂಲು ಎಳೆದುಕೊಂಡು ಕೂತರು. ಅಷ್ಟರಲ್ಲಿ ಪೋಸ್ಟ್ ಮಾವನ ಸೈಕಲ್ಲೂ ಅಂಗಡಿಯ ಮುಂದೆ ನಿಂತಿತು.

"ನೀವೆಲ್ಲ ಸೇರಿ ಏನು ಬದಲಾಯಿಸ್ತೀರೋ ನೋಡೋಣ ಅಂತ ಬಂದೆ," ಎಂದರು.

ವಾಷರ್ ಅಕ್ಕ ಮೂವರ ಮುಖವನ್ನೂ ನೋಡಿದರು. "ರಿಪೇರಿಗೆ ಬಂದಿದ್ದೀರೋ, ಸಾಕ್ಷಿ ಹೇಳೋಕೆ ಬಂದಿದ್ದೀರೋ?"

"ಎರಡಕ್ಕೂ," ಎಂದರು ಅತ್ತೆ.

ಅಕ್ಕ ಮೊದಲು ಕೈಗವಸು ಹಾಕಿಕೊಂಡರು. ಮೂತಿಯ ಗುಂಡಿ ಒತ್ತಿ ಒಳಗಿದ್ದ ಅಷ್ಟಿಷ್ಟು ಗಾಳಿ ಬಿಟ್ಟರು. "ಒತ್ತಡ ಇಳಿಸದೆ ಮುಚ್ಚಳ ತಿರುಗಿಸಿದ್ರೆ ಔಷಧಿ ನೇರ ಕಣ್ಣಿಗೇ," ಎಂದರು. ಆಮೇಲೆ ಮುಚ್ಚಳ ತೆಗೆದು, "ಒಳಗೆ ಏನಿದೆ?" ಎಂದು ಕೇಳಿದರು.

ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಇರಲಿಲ್ಲ.

ಆ ನೀರನ್ನು ಅಕ್ಕ ಚರಂಡಿಗೆ ಚೆಲ್ಲಲಿಲ್ಲ. ಒಂದು ಡಬ್ಬಿಗೆ ಬಗ್ಗಿಸಿ, ಮುಚ್ಚಿ, ಗುರುತು ಹಾಕಿ ಎತ್ತರದಲ್ಲಿಟ್ಟರು. ಬಿಳಿಯ ತಟ್ಟೆಯೊಂದನ್ನು ತೆಗೆದು, ಬಿಚ್ಚಿದ ಒಂದೊಂದೇ ಭಾಗವನ್ನು ಬಿಚ್ಚಿದ ಸಾಲಿನಲ್ಲೇ ಇಡುತ್ತ ಹೋದರು. ಮಾವ ಬಗ್ಗಿ ನೋಡಿದರು. ಅವರಿಗಿಂತ ಹೆಚ್ಚು ಅತ್ತೆ ಬಗ್ಗಿದರು.

ಒಳಗಿನ ಕಡ್ಡಿಯ ತುದಿಯಿಂದ ಅಕ್ಕ ಒಂದು ಕಪ್ಪು ರಬ್ಬರ್ ಬಳೆ ಎಳೆದರು. ಅದು ಬೆಣ್ಣೆಯ ಹಾಗೆ ಮೆತ್ತಗಾಗಿತ್ತು.

"ಇದಕ್ಕೆ ಏನು ಹಚ್ಚಿದ್ದೀರಿ?"

"ಸೈಕಲ್ ಗ್ರೀಸು," ಎಂದರು ಮಾವ, ಸ್ವಲ್ಪ ಹೆಮ್ಮೆಯಿಂದಲೇ. "ಪ್ರತಿ ಭಾನುವಾರ. ಮೂವತ್ತು ವರ್ಷ ತುಳಿದೆ, ನನ್ನ ಸೈಕಲ್ ಒಂದು ದಿನ ಕಿರ್ ಅಂದಿಲ್ಲ."

"ಸೈಕಲ್ ಚೈನು ಕಬ್ಬಿಣ ಮಾವ, ಇದು ರಬ್ಬರು. ಈ ಗ್ರೀಸು ಪೆಟ್ರೋಲಿನ ಜಾತಿದು. ಇದನ್ನ ಕುಡಿದು ರಬ್ಬರು ಊದಿದೆ. ಊದಿದ ರಬ್ಬರು ಗಾಳಿ ಹಿಡಿಯಲ್ಲ."

"ನಿನಗೇನಮ್ಮ, ಹೊಸ ರಬ್ಬರು ಮಾರಬೇಕು. ಅದಕ್ಕೆ ಹೇಳ್ತೀಯ."

ಅಕ್ಕ ಸಾಮಾನಿನ ಕಪಾಟು ತೆರೆದರು. ಡಬ್ಬಿಯಿಂದ ಅದೇ ಅಳತೆಯ ಹೊಸ ಬಳೆ ತೆಗೆದು ಹಳೆಯದರ ಪಕ್ಕದಲ್ಲಿಟ್ಟರು. "ಹುಟ್ಟಿದಾಗ ಎರಡೂ ಅವಳಿ ಜವಳಿ. ಈಗ ನೋಡಿ."

ಹಳೆಯದು ಕಣ್ಣಿಗೆ ಕಾಣುವಷ್ಟು ದಪ್ಪವಾಗಿತ್ತು. ಮಾವ ಎರಡನ್ನೂ ಬೆರಳಿನಿಂದ ಒತ್ತಿ ನೋಡಿದರು. ಮತ್ತೆ ಒತ್ತಿ ನೋಡಿದರು.

"ಅಂದ್ರೆ ನಾನು ಮುದ್ದು ಮಾಡಿ ಕೆಡಿಸಿದೆ ಅಂತೀಯ."

"ಮುದ್ದು ಮಾಡಿ. ಸಿಲಿಕೋನ್ ಗ್ರೀಸು ಅಂತ ಬರುತ್ತೆ, ಅದನ್ನ ಒಂದು ಕಾಳಿನಷ್ಟು ಹಚ್ಚಿ ಮುದ್ದು ಮಾಡಿ."

ಅತ್ತೆ ನನ್ನ ಮೊಣಕೈ ತಿವಿದರು. "ನೋಡಿದೆಯಾ. ನಾನು ಆಗಲೇ ಹೇಳಿದೆ."

ಆದರೆ ತಟ್ಟೆಯಲ್ಲಿ ಇನ್ನೂ ಜಾಗವಿತ್ತು. ಅಕ್ಕ ಮೂತಿಯನ್ನು ಬಿಚ್ಚಿ ಬೆಳಕಿಗೆ ಹಿಡಿದರು. ತೂತು ಕಾಣಲಿಲ್ಲ. ಮರಳು, ಪಾಚಿ, ಒಣಗಿದ ಔಷಧಿಯ ಹೆಪ್ಪು. ಅತ್ತೆ ತಕ್ಷಣ ಬಟ್ಟೆಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು, "ತಗೋ, ಚುಚ್ಚು," ಎಂದರು.

"ಬೇಡಮ್ಮ. ಚುಚ್ಚಿದ್ರೆ ತೂತು ದೊಡ್ಡದಾಗುತ್ತೆ. ಮಂಜಿನ ಹಾಗೆ ಬೀಳಬೇಕಾದ್ದು ಧಾರೆಯಾಗಿ ನೆಲಕ್ಕೆ ಬೀಳುತ್ತೆ. ನೀರಲ್ಲಿ ನೆನೆಸಿ, ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ಉಜ್ಜಿದ್ರೆ ಸಾಕು."

"ನಾನು ಊದಿ ನೋಡ್ಲಾ?" ಮಾವ ಕೈ ಚಾಚಿದರು.

"ಬಾಯಿಗೆ ಇಡಬೇಡಿ. ಅದು ಔಷಧಿ. ನೀವೂ ಹೋಗಿಬಿಡ್ತೀರಿ."

ಮಾವ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. ಅಕ್ಕ ಮೂತಿಯನ್ನು ನೀರಿಗೆ ಹಾಕಿದರು. ನೆನೆಯಲು ಬಿಟ್ಟು ಮೆಲ್ಲಗೆ ಕೇಳಿದರು. "ಇದು ಬಿಸಿಲಲ್ಲಿ ಇತ್ತಾ? ಔಷಧಿ ಒಳಗೇ ಬೆಂದು ಹೆಪ್ಪಾಗಿದೆ."

"ಆರು ದಿನ," ಎಂದೆ. "ಶೆಡ್ಡಿನಲ್ಲಿತ್ತು. ಕುರ್ಚಿ ಇಡೋಕೆ ಜಾಗ ಬೇಕು ಅಂತ ನಾನೇ ಹೊರಗಿಟ್ಟೆ. ಒಳಗೆ ಏನಿದೆ ಅಂತ ನೋಡಲಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. ಈ ಸಲ ಮೊಣಕೈ ತಿವಿಯಲಿಲ್ಲ.

"ಸರಿ. ಇಷ್ಟು ಮರಳು ಒಳಗೆ ಹೋಗಿದ್ದು ಹೇಗೆ?" ಅಕ್ಕ ಟ್ಯಾಂಕಿನ ಬಾಯಿಗೆ ಕೈ ಹಾಕಿದರು. "ಇಲ್ಲಿ ಒಂದು ಜರಡಿ ಬುಟ್ಟಿ ಇರಬೇಕು. ನೀರು ಅದರ ಮೂಲಕ ಸೋಸಿ ಇಳೀಬೇಕು. ಜರಡಿ ಎಲ್ಲಿ?"

"ನಾನು ಕೊಟ್ಟಾಗ ಇತ್ತು," ಎಂದರು ಮಾವ.

"ಇತ್ತು ಅನ್ನೋಕೆ ಏನು ಗುರುತು?" ಎಂದರು ಅತ್ತೆ.

"ನೀಲಿ ಬಣ್ಣದ್ದು. ಅಂಚು ಸ್ವಲ್ಪ ಮುಕ್ಕಾಗಿದೆ."

"ಮುಕ್ಕಾಗಿದ್ದು ನಿಮ್ಮ ಮನೇಲೇ ಮುರಿದು ಬಿದ್ದಿರುತ್ತೆ. ಗ್ರೀಸು ಹಚ್ಚಿದ ಕೈ ಇನ್ನೇನು ಮಾಡಿದೆಯೋ."

"ನಾನು ಗ್ರೀಸು ಹಚ್ಚಿದ್ದು ಒಪ್ಪಿಕೊಂಡೆ ತಾಯಿ. ಜರಡಿ ನಾನು ನುಂಗಿಲ್ಲ."

ಅಕ್ಕ ಹೊಸ ರಬ್ಬರ್ ಹಾಕಿ, ಪಂಪಿಗೆ ಬರೀ ನೀರು ತುಂಬಿ ಹಿಡಿ ಒತ್ತಿದರು. ಹಿಡಿ ಬಿಗಿಯಾಯಿತು. ತೊಳೆದ ಮೂತಿಯಿಂದ ಸಣ್ಣ ಮಂಜು ಎದ್ದಿತು. "ಜರಡಿ ಹುಡುಕಿ ಹಾಕಿ, ಇಲ್ಲ ಹೊಸದು ತಗೊಳ್ಳಿ," ಎಂದರು. "ಅದಿಲ್ದೆ ತುಂಬಿಸಿದ್ರೆ ಹದಿನೈದು ದಿನಕ್ಕೆ ಮತ್ತೆ ಮೂವರೂ ಇಲ್ಲಿ ಬಂದು ಜಗಳ ಆಡ್ತೀರಿ."

ಮನೆಗೆ ಬಂದು ಮುಖ ತೊಳೆಯಲು ಬಚ್ಚಲಿಗೆ ಹೋದೆ. ಕಿಟಕಿಯ ಅಂಚಿನಲ್ಲಿ ನನ್ನ ಗಂಡನ ಸೋಪು ಇತ್ತು. ಅವರು ಹೋದ ಮೇಲೆ ಅದನ್ನು ನಾನು ಮುಟ್ಟಿರಲಿಲ್ಲ. ಸೋಪಿನ ಕೆಳಗೆ ನೀಲಿ ಬಣ್ಣದ ಬುಟ್ಟಿಯೊಂದಿತ್ತು. ಅಂಚು ಮುಕ್ಕಾಗಿತ್ತು.

ಮೂರು ವಾರದಿಂದ ದಿನವೂ ನೋಡುತ್ತಿದ್ದೆ. ಒಂದು ದಿನ ಅವರೇ ಹೇಳಿದ್ದರು, "ನೋಡು, ನೀರು ನಿಲ್ಲಲ್ಲ, ಸೋಪು ಕರಗಲ್ಲ." ಎಲ್ಲಿಂದ ತಂದದ್ದೆಂದು ನಾನು ಕೇಳಿರಲಿಲ್ಲ. ಜರಡಿಯಿದ್ದರೆ ಟ್ಯಾಂಕು ತುಂಬುವುದು ನಿಧಾನ. ಅವರಿಗೆ ಯಾವಾಗಲೂ ಅವಸರ.

ಅತ್ತೆ ಹಿಂದೆ ಬಂದು ನಿಂತಿದ್ದರು. ಬುಟ್ಟಿಯನ್ನು ನೋಡಿದರು.

"ಸುಮ್ಮನಿರು," ಎಂದರು. "ಹೊಸದು ತಂದು ಹಾಕು. ಯಾರಿಗೂ ಗೊತ್ತಾಗಲ್ಲ. ಹೋದವನ ಮೇಲೆ ನೀನೂ ಹೊರಿಸಬೇಡ."

ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ಮಾವ ನಲ್ಲಿಯ ಹತ್ತಿರ ಜರಡಿಯ ಮಾತು ಆಡುತ್ತಲೇ ಇರುತ್ತಾರೆ, ಅತ್ತೆ ಬೇಲಿಯ ಹತ್ತಿರ ಗ್ರೀಸಿನ ಮಾತು ಆಡುತ್ತಲೇ ಇರುತ್ತಾರೆ. ಮಾವನ ಮೇಲೆ ನಮಗಿದ್ದ ಸಂಶಯದಲ್ಲಿ ಅರ್ಧ ನಿಜವಿತ್ತು. ನಮ್ಮ ಮೇಲೆ ಅವರಿಗಿದ್ದ ಸಂಶಯದಲ್ಲೂ ಅರ್ಧ ನಿಜವಿತ್ತು.

"ಅತ್ತೆ, ರಬ್ಬರು ಕೆಡಿಸಿದ್ದು ಮಾವ. ಜರಡಿ ತೆಗೆದದ್ದು ಇವರು. ಬಿಸಿಲಿಗಿಟ್ಟದ್ದು ನಾನು. ಒಬ್ಬರ ಹೆಸರು ಹೇಳಿ ಇನ್ನಿಬ್ಬರದು ಮುಚ್ಚಿಟ್ಟರೆ ಪಂಪು ಮತ್ತೆ ಕೆಡುತ್ತೆ."

ಔಷಧಿ ತಾಗಿದ ಜರಡಿಯ ಮೇಲೆ ಇಟ್ಟ ಸೋಪನ್ನು ಮೈಗೆ ಹಚ್ಚಬಾರದು. ಅದು ಬಚ್ಚಲಿಗೆ ಬರಲೇಬಾರದಿತ್ತು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಸೋಪು ಎತ್ತಿದೆ, ಕಸಕ್ಕೆ ಹಾಕಿದೆ. ಜರಡಿಯನ್ನು ಹಿತ್ತಲಿಗೆ ಒಯ್ದು ಬಕೆಟ್ಟಿನಲ್ಲಿ ನೆನೆಸಿದೆ. ಅದರ ಕಣ್ಣುಗಳಲ್ಲಿ ಪಾಚಿ ಗಟ್ಟಿಯಾಗಿ ಕೂತಿತ್ತು.

ಅತ್ತೆ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಒಂದು ಬ್ರಷ್ಷಿತ್ತು. ಮಗನದು.

"ತಗೋ. ಹಳೇ ಬ್ರಷ್ಷು ಬೇಕು ಅಂದಳಲ್ಲ ಅವಳು," ಎಂದರು.

ಮರುದಿನ ಬೆಳಿಗ್ಗೆ ಪಂಪನ್ನು ಬೆನ್ನಿಗೆ ಹಾಕಿಕೊಂಡು ಪಕ್ಕದ ಮನೆಗೆ ಹೋದೆ. ಅತ್ತೆಯೂ ಬಂದರು. ಮಾವ ಮುಚ್ಚಳ ತೆಗೆದು ಮೊದಲು ನೋಡಿದ್ದೇ ಜರಡಿಯನ್ನು. ಹೊರಗೆ ತೆಗೆದು ಮುಕ್ಕಾದ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿದರು.

"ನಮ್ಮ ಮನೇಲೇ ಇತ್ತು ಮಾವ," ಎಂದೆ. "ಅವರೇ ತೆಗೆದಿದ್ದರು. ಸೋಪಿಡೋಕೆ."

"ಸೋಪಿಡೋಕೆ?"

"ನೀರು ನಿಲ್ಲಲ್ಲ ಅಂತ."

ಮಾವ ಜರಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮೀಸೆಯ ಕೆಳಗೆ ಏನೋ ಅಲುಗಿತು. "ಬುದ್ಧಿವಂತ ಕಣಮ್ಮ ಅವನು. ಕೆಲಸಕ್ಕೆ ಬಾರದ ಕಡೆ," ಎಂದರು. ಜರಡಿಯನ್ನು ಮತ್ತೆ ಟ್ಯಾಂಕಿನ ಬಾಯಿಗೆ ಕೂರಿಸಿ ಹೇಳಿದರು, "ನಲ್ಲಿ ಹತ್ತಿರ ನಾನೇ ಹೇಳ್ತೀನಿ. ಗ್ರೀಸು ಹಚ್ಚಿದ್ದು ನಾನು ಅಂತ."

"ಜರಡಿದೂ ಹೇಳಿ," ಎಂದರು ಅತ್ತೆ. "ಎರಡೂ ಹೇಳಿ. ಇಲ್ದಿದ್ರೆ ಜನ ಇನ್ನೇನೋ ಕಟ್ತಾರೆ."

ಮಾವ ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೀನ್ಸಿಗೆ ಔಷಧಿ ಹೊಡೆದರು. ಮುಗಿದ ಮೇಲೆ ಮೂರು ಸಲ ಶುದ್ಧ ನೀರು ಹಾಕಿ ಕುಲುಕಿ, ಆ ನೀರನ್ನೂ ಮೂತಿಯಿಂದಲೇ ಅದೇ ಬೀನ್ಸಿನ ಸಾಲಿಗೆ ಹೊಡೆದರು. ನಂತರ ಪಂಪನ್ನು ನೆರಳಿಗೆ ಒಯ್ದು, ಮುಚ್ಚಳ ತೆಗೆದು, ಬೋರಲು ಹಾಕಿದರು. ಅತ್ತೆ ಬೇಲಿಯ ಈಚೆ ನಿಂತು ಮೂರು ಸಲವನ್ನೂ ಎಣಿಸಿದರು.

ನಿಮ್ಮ ಮನೆಯ ಮೂಲೆಯಲ್ಲೂ ಇಂಥದ್ದೊಂದು ಪಂಪು ಇರಬಹುದು. ಇವತ್ತು ಕೈಗವಸು ಹಾಕಿಕೊಂಡು, ಒತ್ತಡ ಇಳಿಸಿ, ಅದರ ಮುಚ್ಚಳ ತೆಗೆದು ನೋಡಿ. ಒಳಗೆ ಔಷಧಿ ಉಳಿದಿದೆಯೇ? ಜರಡಿ ಇದೆಯೇ? ರಬ್ಬರಿಗೆ ಸೈಕಲ್ಲಿನ ಗ್ರೀಸು ಹಚ್ಚಿದ್ದೀರಾ? ಮೂತಿಗೆ ಪಿನ್ನು ಚುಚ್ಚಿದ್ದೀರಾ? ಹೊಡೆದ ದಿನವೇ ಮೂರು ನೀರಿನಲ್ಲಿ ತೊಳೆಯಿರಿ. ತೊಳೆದ ನೀರು ಅದೇ ಬೆಳೆಗೆ ಹೋಗಲಿ, ಬಾವಿಗೂ ಚರಂಡಿಗೂ ಬೇಡ. ಅದರ ಯಾವ ಭಾಗವನ್ನೂ ಮನೆಯೊಳಗೆ ಬೇರೆ ಕೆಲಸಕ್ಕೆ ಬಳಸಬೇಡಿ. ಕೆಟ್ಟಾಗ ಯಾರು ಕೆಡಿಸಿದ್ದೆಂದು ಹುಡುಕುವ ಮೊದಲು ಏನು ಕೆಟ್ಟಿದೆಯೆಂದು ಬಿಚ್ಚಿ ನೋಡಿ.

ಪಂಪು ನಿಮ್ಮದಲ್ಲದಿದ್ದರೆ, ತೊಳೆದು, ಒಣಗಿಸಿ, ಎಲ್ಲ ಭಾಗಗಳೊಡನೆ ನೀವೇ ಹೋಗಿ ಕೊಟ್ಟು ಬನ್ನಿ. ನಾನು ಕೊಟ್ಟು ಬಂದೆ. ಅದನ್ನು ಕೊಡಬೇಕಾಗಿದ್ದವರು ನನ್ನ ಗಂಡ.