ಜೇನುಗಾಡಿಯ ಸ್ಪ್ರಿಂಗ್

ದಪ್ಪಗಿದ್ದದ್ದೆಲ್ಲ ಒಳ್ಳೇದು ಎಂದು ನಂಬುವವರಿಗೆ ನಮ್ಮ ಕಡೆ ಬರವಿಲ್ಲ. ಪಾಳ್ಯದ ಕೃತಿಕಾ ಜೇನುಪೆಟ್ಟಿಗೆ ಸಾಗಿಸಲೆಂದು ಬೈಕಿನ ಹಿಂದಿನ ಸೀಟು ತೆಗೆಸಿ ಕಬ್ಬಿಣದ ಕ್ಯಾರಿಯರ್ ಕೂರಿಸಿದಾಗ, ದೊಡ್ಡಪ್ಪನ ಮಗ ನವೀನ್‌ಕುಮಾರ್, "ಇರೋದ್ರಲ್ಲೇ ದಪ್ಪ ಸ್ಪ್ರಿಂಗ್ ಹಾಕ್ಸು, ಆನೆ ಕೂತ್ರೂ ಜಗ್ಗಲ್ಲ" ಎಂದ. ಹಾಕಿಸಿದಳು. ನಿಜ, ಜಗ್ಗಲಿಲ್ಲ. ಕುಂದೂರು ದಾರಿಯ ಒಂದೊಂದು ಗುಂಡಿಯೂ ನೇರ ಪೆಟ್ಟಿಗೆಗೇ ಬಡಿದು ಎರಡು ಪೆಟ್ಟಿಗೆಯ ಮೇಣದ ಎರಿ ಕಳಚಿಬಿದ್ದವು, ಹುಳ ಹಾರಿಹೋದವು. ಕೃತಿಕಾ ರಸ್ತೆ ಬದಿಯಲ್ಲೇ ಕೂತು ಅತ್ತುಬಿಟ್ಟಳು.

ಉಳಿದದ್ದು ನಾಲ್ಕು ಪೆಟ್ಟಿಗೆ. ಹೂಮಳೆ ಬಿದ್ದು ವಾರವಾಗಿತ್ತು. ಇನ್ನೆರಡು ದಿನಕ್ಕೆ ಕಾಫಿ ಅರಳುತ್ತದೆ, ಅರಳಿದ್ದು ಮೂರು ದಿನ ನಿಂತರೆ ಹೆಚ್ಚು. ಅಷ್ಟರೊಳಗೆ ಪೆಟ್ಟಿಗೆಗಳು ಎಸ್ಟೇಟ್ ಸೇರದಿದ್ದರೆ ಈ ವರ್ಷದ ಜೇನಿಗೆ ಎಳ್ಳುನೀರು ಬಿಟ್ಟಂತೆಯೇ. ಆಲೂರಿನ ಮೆಕ್ಯಾನಿಕ್ ಗಯಾಜ್ ಹತ್ತಿರ ಓಡಿದಳು.

ಗಯಾಜ್ ಗಾಡಿಯನ್ನು ಮುಟ್ಟಲೇ ಇಲ್ಲ. "ಪೆಟ್ಟಿಗೆ ಎಷ್ಟು ತೂಗ್ತವೆ?"

"ಒಂದೊಂದು ಹತ್ತು ಕೆಜಿ."

"ನೀನಮ್ಮ?"

ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ಮೂವರು ಗಂಡಸರು ಕಿವಿ ನಿಮಿರಿಸಿದರು. ಇವರಿಗೇನು ಬೇರೆ ಕೆಲಸವಿಲ್ಲವೇ! "ಐವತ್ನಾಲ್ಕು" ಅಂದುಬಿಟ್ಟಳು. ಹತ್ತು ಕೆಜಿ ನುಂಗಿದ್ದು ಅವಳಿಗಷ್ಟೇ ಗೊತ್ತು.

"ಸ್ಪ್ರಿಂಗ್ ಅಂದ್ರೆ ಕಂಬ ಅಲ್ಲ ಕಣಮ್ಮ. ಹೊರೆ ಹೊತ್ತಾಗ ಒಂಚೂರು ಕೂರ್ಬೇಕು, ಗುಂಡಿ ಬಂದ್ರೆ ಇನ್ನಷ್ಟು ಕೂರಕ್ಕೆ ಜಾಗ ಇಟ್ಕಂಡಿರ್ಬೇಕು." ಗಯಾಜ್ ತೂಕ ಕೂಡಿಸಿ ನೀಲಿ ಬಣ್ಣದ ಜೋಡಿಯೊಂದನ್ನು ಹಾಕಿದ. ಕ್ಯಾರಿಯರಿಗೆ ನಲವತ್ತು ಕೆಜಿ ಮರಳು ಕಟ್ಟಿ, ಅವಳನ್ನು ಕೂರಿಸಿ, ಚಕ್ರದ ನಡುವಿನಿಂದ ಸೀಟಿನವರೆಗೆ ಟೇಪ್ ಹಿಡಿದ. ಲೆಕ್ಕಕ್ಕಿಂತ ಜಾಸ್ತಿ ಕೂತಿತ್ತು. ಇನ್ನೊಮ್ಮೆ ಹಿಡಿದ. ಅವಳ ಮುಖ ನೋಡಿದ, ಆಮೇಲೆ ಬೆಂಚಿನ ಕಡೆ ನೋಡಿದ.

"ತಪ್ಪು ನಂದೇ. ಈ ಸ್ಪ್ರಿಂಗ್ ಹಳೇದು, ಸುಸ್ತಾಗ್ಬುಟ್ಟೈತೆ."

"ಹಳೇದು ಹಾಕಿ ನನ್ ಹುಳ ಸಾಯ್ಸಕ್ಕಿದ್ರಾ?" ಕೃತಿಕಾ ಹರಿಹಾಯ್ದಳು. ಗಯಾಜ್ ಬೈಸಿಕೊಂಡೇ ನೀಲಿ ಜೋಡಿ ಬಿಚ್ಚಿದ. ತುಸು ಬಿಗಿಯಾದ ಇನ್ನೊಂದು ಜೋಡಿ ಹಾಕಿ ಅಳೆದ. "ಈಗ ಹೋಗು."

ಮರುದಿನ ನಸುಕಿಗೇ ಹೊರಟಳು. ಗುಂಡಿ ಬಂದಾಗೆಲ್ಲ ಹಲ್ಲು ಕಚ್ಚಿ ಹಿಡಿದಳು. ಗಾಡಿ ಮೆತ್ತಗೆ ಕೂತು ಮೆತ್ತಗೆ ಎದ್ದಿತು. ಎಸ್ಟೇಟಿನಲ್ಲಿ ಮುಚ್ಚಳ ತೆಗೆದರೆ ಒಂದು ಎರಿಯೂ ಅಲುಗಿರಲಿಲ್ಲ. ಅಬ್ಬಾ, ಎಂಥ ಕೈ ಈ ಮನುಷ್ಯನದು! ಅಲ್ಲೇ ನಿಂತು ಕೈ ಮುಗಿದಳು.

ತಿಂಗಳ ಮೇಲೆ ಜೇನಿನ ಬಾಟಲಿ ಹಿಡಿದು ಬಂದಾಗ ಗಯಾಜ್ ಅದೇ ನೀಲಿ ಜೋಡಿಯನ್ನು ಪಕ್ಕದಲ್ಲೇ ನಿಂತಿದ್ದ ಗಿರಾಕಿ ಏಕಾಂತಯ್ಯನವರ ಗಾಡಿಗೆ ಹಾಕುತ್ತಿದ್ದ.

"ಅಣ್ಣ, ಅದು ಸುಸ್ತಾಗಿದ್ದಲ್ವಾ? ಪಾಪ, ಇವರಿಗ್ಯಾಕೆ?"

ಏಕಾಂತಯ್ಯ ಬೆಚ್ಚಿದರು. "ಸುಸ್ತಾ? ಒಂದ್ ದಿನಾನೂ ಓಡಿಲ್ಲ, ಹೊಸದು ಅಂದ್ಯಲ್ಲೋ ಗಯಾಜ!"

"ಹೊಸದೇ ಕಣ್ರೀ" ಎಂದ ಗಯಾಜ್, ನಟ್ಟಿನ ಮೇಲೆ ಬಗ್ಗಿ.

ಕೃತಿಕಾಳ ಕಿವಿ ಬಿಸಿಯಾಯಿತು. ಇವಳ ಸುಳ್ಳನ್ನು ಸ್ಪ್ರಿಂಗಿನ ತಲೆಗೆ ಕಟ್ಟಿ, ಮೇಲೆ ಬೈಗುಳವನ್ನೂ ತಿಂದಿದ್ದ ಪುಣ್ಯಾತ್ಮ. ಬೆಂಚಿನ ಮೇಲೆ ಅದೇ ಮೂವರು ಕೂತಿದ್ದರು. ಅವಳು ಬಾಟಲಿ ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು: "ಗಯಾಜಣ್ಣ, ನಾನು ಐವತ್ನಾಲ್ಕಲ್ಲ. ಅರವತ್ನಾಲ್ಕು."

"ಗೊತ್ತು ಕಣಮ್ಮ" ಎಂದ ಗಯಾಜ್, ತಲೆ ಎತ್ತದೆ. "ಟೇಪ್ ಅವತ್ತೇ ಹೇಳಿತ್ತು."