ಓನೀಟಾಳ ನೀಲಿ

ನನ್ನ ಅಕ್ಕ ಓನೀಟಾ ಇಪ್ಪತ್ತು ವರ್ಷ ತಿದ್ದಿ ತೀಡಿದ ಕೋಳಿ ತಳಿಯನ್ನು ನಾನು ಎರಡೇ ವರ್ಷದಲ್ಲಿ ಹಾಳು ಮಾಡಿದೆ. ರೋಗ ಬರಲಿಲ್ಲ, ಕೋಳಿ ಕದಿಯುವ ರಕೂನು ನುಗ್ಗಲಿಲ್ಲ. ಒಂದು ಹುಂಜದ ಗಡ್ಡಕ್ಕೆ ಮರುಳಾಗಿ, ಕೈಯಾರೆ ಹಾಳು ಮಾಡಿದೆ.

ನಮ್ಮ ಐಯೊವಾದಲ್ಲಿ ಕಪ್ಪು ಅಮೆರಕಾನ ತಳಿಯ ಕೋಳಿ ಎಂದರೆ ಬಲ್ಲವರು ಓನೀಟಾಳ ಹೆಸರನ್ನೇ ಹೇಳುತ್ತಿದ್ದರು. ಕೆನ್ನೆಯ ಎರಡೂ ಕಡೆ ಉಬ್ಬಿದ ಪುಕ್ಕ, ಕೆಳಗೆ ಗಡ್ಡ, ಸ್ಲೇಟಿನ ಬಣ್ಣದ ಕಾಲು ಎಲ್ಲರ ಅಮೆರಕಾನಕ್ಕೂ ಇರುತ್ತದೆ. ಓನೀಟಾಳ ಕೋಳಿಯ ಹೆಚ್ಚುಗಾರಿಕೆ ಮೊಟ್ಟೆಯ ಚಿಪ್ಪಿನ ನೀಲಿ. ಹಸಿರಿನ ಸುಳಿವೂ ಇಲ್ಲದ ಶುದ್ಧ ನೀಲಿ. ಪೇಂಟ್ ಅಂಗಡಿಯಿಂದ ತಂದ ಬಣ್ಣದ ಚೀಟಿಯೊಂದನ್ನು ಅವಳು ಕೋಳಿಮನೆಯ ಬಾಗಿಲಿಗೆ ಮೊಳೆ ಹೊಡೆದು ಸಿಕ್ಕಿಸಿದ್ದಳು. ಅದರಲ್ಲಿ ಒಂದು ನೀಲಿಗೆ ಪೆನ್ಸಿಲಿನಿಂದ ಸುತ್ತು ಹಾಕಿದ್ದಳು. ಆ ನೀಲಿಗೆ ಹೊಂದದ ಮೊಟ್ಟೆ ಇಟ್ಟ ಹೇಂಟೆ ಎಷ್ಟೇ ಚೆಂದವಿರಲಿ, ಭಾನುವಾರ ಸಾರಿಗೆ ಹೋಗುತ್ತಿತ್ತು.

ಕೋಳಿ ಪ್ರದರ್ಶನಗಳಲ್ಲಿ ಮಾತ್ರ ಮೊಟ್ಟೆಯನ್ನು ಕೇಳುವವರಿಲ್ಲ. ತೀರ್ಪುಗಾರ ಪಂಜರದಿಂದ ಕೋಳಿಯನ್ನು ತೆಗೆದು ಗಡ್ಡ ನೋಡುತ್ತಾನೆ, ಜುಟ್ಟು ನೋಡುತ್ತಾನೆ, ಬೆನ್ನು ಸವರುತ್ತಾನೆ, ಮುಗಿಯಿತು. ನಮ್ಮವುಗಳ ಗಡ್ಡ ಯಾವತ್ತೂ ಕಡಿಮೆಯೇ. ಓನೀಟಾ ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ. "ಗಡ್ಡ ನಮ್ಮಪ್ಪನಿಗೂ ಇರ್ಲಿಲ್ಲ. ಅಮ್ಮ ಮದ್ವೆ ಆಗ್ಲಿಲ್ವಾ?" ಎನ್ನುತ್ತಿದ್ದಳು. ಪಂಜರ ಹೊತ್ತವಳು ನಾನು, ಕಾಲಿನ ಕೊಳೆ ಉಜ್ಜಿದವಳು ನಾನು. ಜನ ಬಂದು ಮಾತಾಡಿಸುತ್ತಿದ್ದದ್ದು ಅವಳನ್ನು. ನನ್ನನ್ನು ಅವಳ ತಂಗಿ ಎನ್ನುತ್ತಿದ್ದರು, ಅಷ್ಟೇ. ನನಗೆ ಹೊಟ್ಟೆಕಿಚ್ಚಿತ್ತು. ಈ ವಯಸ್ಸಿನಲ್ಲಿ ಇನ್ನೇನು ಮುಚ್ಚಿಡುವುದು.

ಮೂರು ವರ್ಷದ ಹಿಂದೆ ಅವಳಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ ಹೋಯಿತು, ಮಾತಿನಲ್ಲಿ ಮುಕ್ಕಾಲು ಹೋಯಿತು. ಪಟ್ಟಣದ ವೃದ್ಧಾಶ್ರಮಕ್ಕೆ ಸೇರಿಸಿದೆವು. ಕೋಳಿಗಳು ನನ್ನ ಪಾಲಿಗೆ ಬಂದವು. ಪ್ರತಿ ಭಾನುವಾರ ಚರ್ಚು ಮುಗಿಸಿ ಅವಳಿಗೊಂದು ಮೊಟ್ಟೆ ಒಯ್ಯುತ್ತಿದ್ದೆ. ಬಲಗೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, "ನಮ್ದು" ಎನ್ನುತ್ತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಅದನ್ನು ಇಟ್ಟು ಹಿಂದಿನ ವಾರದ್ದನ್ನು ನನಗೆ ಕೊಡುತ್ತಿದ್ದಳು. ಅವಳ ವಾರ ನಡೆಯುತ್ತಿದ್ದದ್ದು ಆ ಮೊಟ್ಟೆಯ ಮೇಲೆ.

ಮರುವರ್ಷದ ಶರತ್ಕಾಲದ ಪ್ರದರ್ಶನದಲ್ಲಿ ನಾನು ಆ ಹುಂಜವನ್ನು ನೋಡಿದೆ. ಕೋಳಿ ಸಾಕಣೆ ಬಿಡುತ್ತಿದ್ದ ಯಾರೋ ಅಪರಿಚಿತನದು. ಎರಡು ಮುಷ್ಟಿ ತುಂಬುವಷ್ಟು ಗಡ್ಡ, ಹಸಿರು ಮಿಂಚುವ ಕಪ್ಪು. ಓನೀಟಾ ಯಾವ ಹುಂಜಕ್ಕೂ ಹೆಸರಿಟ್ಟವಳಲ್ಲ. ನಾನು ಅದನ್ನು ಕೊಂಡು ಅಲ್ಲೇ ಜನರಲ್ ಎಂದು ಹೆಸರಿಟ್ಟೆ.

ಪಕ್ಕದಲ್ಲಿ ಹಾರ್ಲನ್ ಸ್ಟಕಿ ನಿಂತಿದ್ದ. ಓನೀಟಾ ನಂಬುತ್ತಿದ್ದ ಒಬ್ಬನೇ ಸಾಕಣೆಗಾರ. ಪ್ರತಿ ವಸಂತದಲ್ಲಿ ಅವಳು ಅವನಿಗೆ ಒಂದು ಡಜನ್ ಮೊಟ್ಟೆ ಕೊಡುತ್ತಿದ್ದಳು. ಒಂದು ಮನೆಗೆ ಬೆಂಕಿ ಬಿದ್ದರೂ ತಳಿ ಇನ್ನೊಂದು ಮನೆಯಲ್ಲಿ ಉಳಿಯಲಿ ಎಂದು.

"ಮೇಲೆ ಥಳಕು, ಒಳಗೆ ಹುಳುಕು ಇದ್ರೂ ಇರಬಹುದು ವೆಲ್ಡಾ," ಎಂದ ಹಾರ್ಲನ್. "ಹುಂಜ ಏನು ಮೊಟ್ಟೆ ಇಡುತ್ತಾ, ಬಣ್ಣ ನೋಡೋಕೆ? ಮೊದ್ಲು ಬಿಳಿ ಮೊಟ್ಟೆ ಇಡೋ ಲೆಗ್‌ಹಾರ್ನ್ ಹೇಂಟೆ ಜೊತೆ ಬಿಡು. ಹುಟ್ಟೋ ಹೆಣ್ಮರಿಗಳು ಅಷ್ಟೂ ನೀಲಿ ಮೊಟ್ಟೆ ಇಟ್ರೆ ಗೆದ್ದೆ. ಬಿಳಿ ಬಂತೋ, ಹುಂಜದ ಕತ್ತು ಮುರಿ."

"ಅದಕ್ಕೆ ಒಂದ್ ವರ್ಷ ಬೇಕಲ್ಲೋ."

"ಬೇಕು. ಓನೀಟಾ ಆಗಿದ್ರೆ ಎರಡ್ ವರ್ಷ ಕಾಯ್ತಿದ್ಲು."

ಆ ಮಾತು ನನಗೆ ಚುರುಕ್ಕೆಂದಿತು. ನಾನು ಒಂದು ವಾರವೂ ಕಾಯಲಿಲ್ಲ. ಓನೀಟಾಳ ಹುಂಜಗಳನ್ನು ಕಡಿದು ಜನರಲ್‌ನನ್ನು ಅವಳ ಹೇಂಟೆಗಳ ಜೊತೆ ಬಿಟ್ಟೆ. ವಸಂತದಲ್ಲಿ ಮೊಟ್ಟೆ ತೆಗೆದುಕೊಳ್ಳಲು ಬಂದ ಹಾರ್ಲನ್ ಬೇಲಿಯಾಚೆಯಿಂದ ಕೇಳಿದ: "ಪರೀಕ್ಷೆ ಮಾಡಿದ್ಯಾ?"

"ಪಕ್ಕದ ಊರಿನವಳ ಲೆಗ್‌ಹಾರ್ನ್ ಜೊತೆ ಅವನ ಹಳೇ ಯಜಮಾನನೇ ಮಾಡ್ಸಿದ್ನಂತೆ. ಎಲ್ಲಾ ನೀಲಿ," ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅವನು ನಂಬಿ ಡಜನ್ ಮೊಟ್ಟೆ ಒಯ್ದ. ಮರುವರ್ಷ ಇನ್ನೊಂದು ಡಜನ್ ಒಯ್ದ.

ಮರಿಗಳ ಗಡ್ಡವೋ, ನೋಡಲು ಎರಡು ಕಣ್ಣು ಸಾಲದು! ಆ ವರ್ಷ ನನ್ನ ಹುಂಜಕ್ಕೆ ಮೊದಲ ಬಹುಮಾನದ ನೀಲಿ ರಿಬ್ಬನ್ ಬಂತು. ತೀರ್ಪುಗಾರ ನನ್ನ ಕೈ ಕುಲುಕಿದ. ಯಾರೂ ಓನೀಟಾಳ ತಂಗಿ ಎನ್ನಲಿಲ್ಲ.

ಜನರಲ್‌ನ ಮಕ್ಕಳ ಮೊಟ್ಟೆಯಲ್ಲಿ ತುಸು ಹಸಿರಿತ್ತು. ಚೀಟಿಗೆ ಹಿಡಿದೆ, ಹೊಂದಲಿಲ್ಲ. ಚೀಟಿ ಬಿಸಿಲಿಗೆ ಮಾಸಿದೆ ಎಂದುಕೊಂಡೆ. ಅಂಗಡಿಗೆ ಹೋಗಿ ಹೊಸ ಚೀಟಿ ತಂದು ಹಳೆಯದರ ಪಕ್ಕ ಹಿಡಿದರೆ ಎರಡೂ ಒಂದೇ ನೀಲಿ. ಹೊಸದನ್ನು ಜೇಬಿಗೆ ಹಾಕಿಕೊಂಡು ಸುಮ್ಮನಾದೆ. ಓನೀಟಾಳ ಹಳೆಯ ಹೇಂಟೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೆ. ಭಾನುವಾರದ ಮೊಟ್ಟೆ ಅವುಗಳದ್ದೇ ಆಗಿತ್ತು. ಮಿಕ್ಕವುಗಳನ್ನು ಜಾಗಕ್ಕಾಗಿ ಕಳೆದಿದ್ದೆ. ಗಡ್ಡ ಗಟ್ಟಿಯಾಗಲೆಂದು ಜನರಲ್‌ನ ಹೆಣ್ಣುಮಕ್ಕಳನ್ನು ಮತ್ತೆ ಅವನಿಗೇ ಕೂಡಿಸಿದೆ. ತಳಿ ಮಾಡುವವರು ಹಾಗೆ ಮಾಡುವುದುಂಟು. ಆದರೆ ಒಳಗೇನಿದೆ ಎಂದು ತಿಳಿದು ಮಾಡುತ್ತಾರೆ.

ಈ ಅಕ್ಟೋಬರಿನಲ್ಲಿ ಆ ಎರಡನೇ ತಲೆಮಾರು ಮೊಟ್ಟೆ ಇಡಲು ಶುರು ಮಾಡಿತು. ಹನ್ನೊಂದು ಎಳೆ ಹೇಂಟೆಗಳು. ಆರರ ಮೊಟ್ಟೆ ಹಾಲು ಬೆರೆಸಿದ ಕಾಫಿಯ ಬಣ್ಣ. ಐದರದ್ದು ಹಳಸಿದ ಬಟಾಣಿಯ ಹಸಿರು. ಜನರಲ್‌ನ ಒಳಗೆ ನೀಲಿಯ ಒಂದು ಹನಿಯೂ ಇರಲಿಲ್ಲ. ಹಳೆಯ ಎರಡು ಹೇಂಟೆಗಳಲ್ಲಿ ಒಂದು ಬೇಸಿಗೆಯಲ್ಲೇ ಸತ್ತಿತ್ತು. ಇನ್ನೊಂದು ತಿಂಗಳ ಕೊನೆಗೆ, ಹ್ಯಾಲೋವೀನ್ ಹಬ್ಬದ ವಾರ, ಗೂಡಿನಲ್ಲೇ ಮುದುರಿಕೊಂಡು ಸತ್ತಿತು. ಅದನ್ನು ಸಾರು ಮಾಡಲಿಲ್ಲ, ಹೂತೆ.

ನಾನು ಟ್ರಕ್ ಹತ್ತಿ ನೇರವಾಗಿ ಹಾರ್ಲನ್ ಮನೆಗೆ ಹೋದೆ. ದಾರಿಯುದ್ದಕ್ಕೂ ಒಂದೇ ಆಸೆ. ಅವನ ಬಳಿ ಹಳೆಯದು ಒಂದು ಜೋಡಿ ಇದ್ದರೆ ಸಾಕು, ಕಾಲು ಹಿಡಿದಾದರೂ ತರುತ್ತೇನೆ.

ಹಾರ್ಲನ್ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ. ಫ್ರಿಜ್ಜಿನಿಂದ ಮೊಟ್ಟೆಯ ಟ್ರೇ ತೆಗೆದು ಮೇಜಿನ ಮೇಲಿಟ್ಟ. ಹಸಿರು, ಕಂದು, ಹಸಿರು, ಕಂದು.

"ನಿನ್ನೇ ಕೇಳ್ಬೇಕು ಅಂತಿದ್ದೆ," ಎಂದ.

"ಹಳೇವು ಇಲ್ವಾ ಹಾರ್ಲನ್? ಒಂದಾದ್ರೂ?"

"ನಾಲ್ಕು ಇದ್ವು. ಹೊಸಾವು ಅವಕ್ಕಿಂತ ಒಳ್ಳೇವು ಅಂದೆಯಲ್ಲ. ಹೋದ ಚಳಿಗಾಲ ನೂಡಲ್ಸ್ ಹಾಕಿ ಬೇಯ್ಸಿದ್ವಿ."

ನಾನು ಟ್ರೇಯ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ನೋಡಿದೆ.

"ಪರೀಕ್ಷೆ ಆಗಿದೆ ಅಂದಿದ್ದೆ," ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸುಳ್ಳು ಹೇಳ್ದೆ."

"ಗೊತ್ತಾಯ್ತು."

"ಸರಿ ಮಾಡೋಕೆ ಆಗಲ್ವಾ?"

"ಹಸಿರು ಇಡೋವನ್ನ ಇಟ್ಕೊಂಡು, ಒಂದೊಂದು ಹುಂಜನೂ ಲೆಗ್‌ಹಾರ್ನ್ ಜೊತೆ ಪರೀಕ್ಷೆ ಮಾಡ್ತಾ ಹೋದ್ರೆ ಐದಾರು ವರ್ಷಕ್ಕೆ ಕಂದು ಹೋಗಬಹುದು. ಆದ್ರೆ ಆ ನೀಲಿ ಬರಲ್ಲ ವೆಲ್ಡಾ. ಕಾಫಿಗೆ ಬಿದ್ದ ಹಾಲನ್ನ ವಾಪಸ್ ತೆಗೆಯೋಕಾಗುತ್ತಾ?" ಅವನು ಟ್ರೇ ಮುಚ್ಚಿದ. "ಅವಳಿಗೆ ಹೇಳಿದ್ಯಾ?"

ಐದಾರು ವರ್ಷ. ಓನೀಟಾ ಈ ಕ್ರಿಸ್‌ಮಸ್ ದಾಟಿದರೆ ಹೆಚ್ಚು ಎಂದು ವೈದ್ಯರು ನನಗೆ ಹೇಳಿಯಾಗಿತ್ತು.

ಭಾನುವಾರ ಬಂತು. ಚರ್ಚಿಗೆ ಹೋಗಲಿಲ್ಲ. ಬುಟ್ಟಿಯಲ್ಲಿದ್ದ ಅಷ್ಟೂ ಮೊಟ್ಟೆಗಳನ್ನು ಕಿಟಕಿಗೆ ಹಿಡಿದು ನೋಡಿ, ಎಲ್ಲಕ್ಕಿಂತ ಕಡಿಮೆ ಹಸಿರಿನದನ್ನು ಆರಿಸಿದೆ. ಅಂಗಡಿಯ ಬಿಳಿ ಮೊಟ್ಟೆಗೆ ಬಣ್ಣ ಹಾಕಿಬಿಡಲೇ ಎಂದೂ ಯೋಚಿಸಿದೆ, ಈಸ್ಟರಿಗೆ ಮಕ್ಕಳು ಹಾಕುವಂತೆ. ಅಷ್ಟು ಕೆಳಗೆ ಇಳಿದಿದ್ದೆ ನಾನು.

ಓನೀಟಾ ದಿಂಬಿಗೊರಗಿ ಕಾಯುತ್ತಿದ್ದಳು. ಕೂದಲು ಬಾಚಿಸಿಕೊಂಡಿದ್ದಳು. ಮೊಟ್ಟೆಯನ್ನು ಅವಳ ಬಲಗೈಯಲ್ಲಿಟ್ಟೆ. ಬೆಳಕಿಗೆ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು. ಕಿಟಕಿಯ ಕಟ್ಟೆಯ ಮೇಲೆ ಹಿಂದಿನ ವಾರದ ನೀಲಿ ಇತ್ತು, ಸತ್ತ ಹೇಂಟೆಯ ಕೊನೆಯದು. ಎರಡನ್ನೂ ಪಕ್ಕಪಕ್ಕ ಹಿಡಿಯುವ ಅಗತ್ಯವೂ ಅವಳಿಗೆ ಬೀಳಲಿಲ್ಲ.

"ನಮ್ದಲ್ಲ," ಎಂದಳು.

ನಾನು ಬಾಯಿ ತೆರೆದೆ. ಹೇಳಬೇಕೆಂದೇ ತೆರೆದೆ. ಅಷ್ಟರಲ್ಲಿ ಅವಳು ನನ್ನ ಮುಖ ನೋಡಿದಳು. ಕೋಳಿಮನೆಗೆ ಏನೋ ನುಗ್ಗಿ ಎಲ್ಲವೂ ಸತ್ತವೆಂದುಕೊಂಡಳೋ ಏನೋ, ಅವಳ ಕಣ್ಣಲ್ಲಿ ಮರುಕ ಕಂಡಿತು. ಮೊಟ್ಟೆಯನ್ನು ಹೊದಿಕೆಯ ಮೇಲೆ ಬಿಟ್ಟು ಆ ಒಂದು ಕೈಯಿಂದಲೇ ನನ್ನ ಕೈ ತಟ್ಟಿದಳು, ಚಿಕ್ಕಂದಿನಲ್ಲಿ ನಾನು ಬಿದ್ದಾಗ ತಟ್ಟುತ್ತಿದ್ದಂತೆ.

"ಹಾರ್ಲನ್," ಎಂದಳು. ಮುಂದಿನ ಮಾತಿಗೆ ಬಹಳ ಹೊತ್ತು ಹುಡುಕಾಡಿದಳು. "ಹಾರ್ಲನ್ ಹತ್ರ... ಇದೆ. ತಗೋ."

ಅವಳು ನಗುತ್ತಿದ್ದಳು. ಇಪ್ಪತ್ತು ವರ್ಷ ಡಜನ್ ಡಜನ್ ಮೊಟ್ಟೆ ಕೊಟ್ಟದ್ದು ಈ ದಿನಕ್ಕಾಗಿಯೇ ಅಲ್ಲವೇ.

"ಹೂಂ ಓನಿ," ಎಂದೆ. "ಮುಂದಿನ ವಾರ ತರ್ತೀನಿ."

ಅವಳು ಕಟ್ಟೆಯ ಮೇಲಿದ್ದ ನೀಲಿ ಮೊಟ್ಟೆಯನ್ನು ತೆಗೆದು, ಎಂದಿನಂತೆ, ನನ್ನ ಕೈಗೆ ಕೊಟ್ಟಳು.