ಎರಡು ವರ್ಷ ದೊಡ್ಡವನು

“ಎಡಕ್ಕೆ... ಇನ್ನೂ ಎಡಕ್ಕೆ... ಸಾಕು ಸಾಕು, ಗೋಡೆ!” ಎಂದು ಗುಮಾಸ್ತ ಹಿಂದಿನಿಂದ ಕೂಗಿದ.

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಡ್ರೈವರನಿಗೆ, ಡಿಪೋದಲ್ಲಿ ಫೈಲು ಓಡಿಸುವ ಗುಮಾಸ್ತನ ಪಾಠ ಬೇಕಿರಲಿಲ್ಲ. ಆದರೂ ಇವತ್ತು ಹೇಳಿದಂತೆ ತಿರುಗಿಸಿದ. ಟೀಚರ ಮನೆಯ ಗಲ್ಲಿ ಕಿರಿದು, ಶವದ ವ್ಯಾನು ಅಗಲ. ಬಾಡಿಗೆಯ ವ್ಯಾನಿನವನು ಗಲ್ಲಿಯನ್ನು ನೋಡಿಯೇ ಕೈಚೆಲ್ಲಿದ್ದರಿಂದ ಇವನೇ ಸ್ಟೇರಿಂಗ್ ಹಿಡಿದಿದ್ದ.

ಟೀಚರು ನಿನ್ನೆ ಬೆಳಿಗ್ಗೆ ತೀರಿಕೊಂಡರು. ಇವತ್ತು ಹನ್ನೊಂದು ಗಂಟೆಗೆ ಅವರು ಇವನ ಜೊತೆ ಡಿಪೋ ಆಫೀಸಿಗೆ ಬರಬೇಕಿತ್ತು.

ವಿಷಯ ಇಷ್ಟೇ. ದಾಖಲೆಯ ಪ್ರಕಾರ ಡ್ರೈವರನಿಗೆ ಐವತ್ತೆಂಟು, ಈ ತಿಂಗಳ ಕೊನೆಗೆ ನಿವೃತ್ತಿ. ನಿಜವಾಗಿ ಐವತ್ತಾರು. ಇನ್ನೆರಡು ವರ್ಷ ಕೆಲಸವಿದ್ದರೆ ತನ್ನ ಮಗಳ ನರ್ಸಿಂಗ್ ಓದು ದಡ ಸೇರುತ್ತಿತ್ತು. ಶಾಲೆಗೆ ಸೇರಿಸಿಕೊಂಡ ಟೀಚರೇ ಹೇಳಿಕೆ ಕೊಟ್ಟರೆ ನೋಡೋಣ ಎಂದಿದ್ದರು ಮೇಲಿನವರು. ಅದಕ್ಕೆ ಕೊಟ್ಟ ಕೊನೆಯ ದಿನ ಇವತ್ತು.

ನಾಲ್ಕು ಜನ ಸೇರಿ ಟೀಚರನ್ನು ಎತ್ತಿ ವ್ಯಾನಿನೊಳಗೆ ಮಲಗಿಸಿದರು. ಟೀಚರ ಮಗಳು ಇವನ ಪಕ್ಕ ಬಂದು ನಿಂತಳು.

“ಅಣ್ಣ, ಅಮ್ಮಂಗೆ ಹಾಕಿರೋ ಬಟ್ಟೆ ನೋಡಿದ್ರಾ? ನಿಮ್ಮ ಆಫೀಸಿಗೆ ಹೋಗೋಕೆ ಅಂತ ಮೊನ್ನೆ ತಾನೇ ಇಸ್ತ್ರಿ ಮಾಡಿ ಇಟ್ಕೊಂಡಿದ್ಲು. ಬೇರೆ ಯಾವುದೂ ಕೈಗೆ ಸಿಗಲಿಲ್ಲ.”

ಡ್ರೈವರನಿಗೆ ಅಳು ಒತ್ತರಿಸಿ ಬಂತು. ಅದು ಟೀಚರಿಗಾಗಿಯೋ ತನಗಾಗಿಯೋ ಗೊತ್ತಾಗದೆ ನಾಚಿಕೆಯೂ ಆಯಿತು.

*

ಐವತ್ತೆರಡು ವರ್ಷದ ಹಿಂದೆ ಡ್ರೈವರನ ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದಳು. ಮಗನನ್ನು ಬಿಡಲು ದಿಕ್ಕಿಲ್ಲದೆ ಶಾಲೆಗೆ ಎಳೆದು ತಂದಿದ್ದಳು.

“ಆರು ತುಂಬಿದೆಯಾ?” ಟೀಚರು ಕೇಳಿದರು. ಅಮ್ಮ ನೆಲ ನೋಡಿದಳು.

ಹುಟ್ಟಿದ ದಿನದ ಕಾಗದ ಯಾರ ಮನೆಯಲ್ಲೂ ಇಲ್ಲದ ಕಾಲ. ತಲೆಯ ಮೇಲಿಂದ ಬಲಗೈ ತಂದು ಎಡಗಿವಿ ಮುಟ್ಟಿದ ಮಗುವಿಗೆ ಆರು ವರ್ಷ, ಮುಟ್ಟದಿದ್ದರೆ ಮನೆಗೆ. ಇವನ ಕೈ ಕಿವಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತು. ಟೀಚರು ಬಾಗಿಲ ಕಡೆ ನೋಡಿದರು, ಅಮ್ಮನ ಒದ್ದೆ ಸೆರಗು ನೋಡಿದರು. ಆಮೇಲೆ ಇವನ ತಲೆಯನ್ನು ಮೆಲ್ಲಗೆ ಬಲಕ್ಕೆ ವಾಲಿಸಿ, ಕೈ ಹಿಡಿದು ಎಳೆದರು.

“ಮುಟ್ತು ನೋಡು! ಜಾಣ.”

ನಾಲ್ಕು ವರ್ಷದವನು ಒಂದೇ ಗಳಿಗೆಯಲ್ಲಿ ಆರಕ್ಕೆ ಏರಿದ. ಮಧ್ಯಾಹ್ನವಾದರೆ ಟೀಚರ ಮೇಜಿನ ಕೆಳಗೆ ನಿದ್ದೆ ಹೋಗುತ್ತಿದ್ದ. “ಮೋಟು ಮಲಗಿದಾನೆ, ಮಗ್ಗಿ ಮೆತ್ತಗೆ ಹೇಳ್ರೋ” ಎಂದು ಅವರು ಉಳಿದವರನ್ನು ಗದರುತ್ತಿದ್ದರು. ಓಟದಲ್ಲಿ ಅವನು ಸದಾ ಕೊನೆ, ಸಾಲಿನಲ್ಲಿ ಸದಾ ಮೊದಲು. ತನಗಿಂತ ದೊಡ್ಡವರ ಜೊತೆಯಲ್ಲೇ ಏದುಸಿರು ಬಿಡುತ್ತಾ ಅವನು ದೊಡ್ಡವನಾದ.

*

“ಲೋ ಮೋಟು, ನಾನೂ ಅವರ ಕ್ಲಾಸಿನವನೇ,” ಎಂದ ಗುಮಾಸ್ತ, ವ್ಯಾನು ದೊಡ್ಡ ರಸ್ತೆಗೆ ಬಂದಾಗ. “ಶಾಲೆ ಶುರುವಾಗೋ ದಿನಾನೇ ನಮಗೆಲ್ಲ ಹುಟ್ಟುಹಬ್ಬ ಅಂತ ಬರೆದುಬಿಟ್ಟಿದ್ರು. ಅರ್ಧ ಊರು ಒಂದೇ ದಿನ ಹುಟ್ಟಿದೆ. ಹೆರಿಗೆ ಮಾಡಿಸಿದವಳ ಗತಿ ಏನಾಗಿರಬೇಕು ಹೇಳು!”

ಹಿಂದೆ ಕೂತವರು ಶವದ ಮುಂದೆಯೂ ಕಿಸಕ್ಕನೆ ನಕ್ಕರು. ಡ್ರೈವರ್ ನಗಲಿಲ್ಲ.

“ನಿಂಗೆ ಗೊತ್ತಲ್ವಾ, ನಾನು ಚಿಕ್ಕವನು ಅಂತ? ನೀನೇ ಹೇಳಿಕೆ ಕೊಡಬಹುದಲ್ಲ?”

“ನಾನು ನಂಬ್ತೀನಪ್ಪ. ನನ್ನ ನಂಬಿಕೆಗೆ ಸೀಲು ಎಲ್ಲಿದೆ?” ಗುಮಾಸ್ತ ಕಿಟಕಿಯ ಕಡೆ ತಿರುಗಿದ. “ಅವರ ಮನೆಗೆ ಹೋಗಿದ್ದಾಗಲೇ ಒಂದು ಸಹಿ ಹಾಕಿಸ್ಕೊಂಡು ಬರಬಾರದಿತ್ತಾ?”

*

ಕೇಳಿದ್ದ. ಕಳೆದ ಭಾನುವಾರವೇ ಹೇಳಿಕೆಯನ್ನು ಟೈಪು ಮಾಡಿಸಿ ಕೊಂಡೊಯ್ದಿದ್ದ. ಟೀಚರು ಕನ್ನಡಕ ಏರಿಸಿ ಎರಡು ಸಲ ಓದಿ, ಕಾಗದವನ್ನು ಹಿಂದಕ್ಕೆ ಕೊಟ್ಟರು.

“ಸಹಿ ಹಾಕಲ್ಲ ಕಣೋ. ಸುಳ್ಳು ಬರೆದದ್ದು ನನ್ನ ಕೈ, ನಿಜ ಹೇಳೋದು ನನ್ನ ಬಾಯೇ ಆಗಲಿ. ಶುಕ್ರವಾರ ನಾನೇ ಬರ್ತೀನಿ.”

“ಟೀಚರ್, ನಿಮಗ್ಯಾಕೆ ಈ ವಯಸ್ಸಲ್ಲಿ ತೊಂದರೆ? ಒಂದು ಸಹಿ ಸಾಕು.”

“ನಿಂಗೆ ಎರಡು ವರ್ಷ ಕೊಟ್ಟೆ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಕಿತ್ಕೊಂಡಿದೀನಿ.” ಅವರು ಕನ್ನಡಕ ತೆಗೆದಿಟ್ಟರು. “ತಲೆ ಎತ್ಕೊಂಡು ಬಂದು ಹೇಳ್ತೀನಿ, ಬಿಡು.”

ಒಂದನೇ ತರಗತಿಯ ಟೀಚರ ಮಾತಿಗೆ ಐವತ್ತಾರರಲ್ಲೂ ತಲೆಬಾಗಿ, ಅವನು ಕಾಗದವನ್ನು ಮಡಚಿ ಜೇಬಿಗಿಟ್ಟ.

*

ಸ್ಮಶಾನದ ಬಾಗಿಲಲ್ಲೇ ಕಾವಲುಗಾರ ದಪ್ಪ ಪುಸ್ತಕ ಬಿಡಿಸಿ ಕೂತಿದ್ದ. “ಸತ್ತವರ ವಯಸ್ಸು?”

“ಎಂಬತ್ತು ದಾಟಿತ್ತು,” ಎಂದಳು ಟೀಚರ ಮಗಳು. “ಕಾಗದ ಯಾವ ಪೆಟ್ಟಿಗೆಯಲ್ಲಿದೆಯೋ ಗೊತ್ತಿಲ್ಲ.”

“ದಾಟಿತ್ತು ಅಂತ ಬರೆಯೋಕಾಗಲ್ಲಮ್ಮ. ಒಂದು ಅಂಕಿ ಹೇಳಿ. ಗುಂಡಿಯೋರು ಕಾಯ್ತಿದಾರೆ.”

ಅವಳು ಡ್ರೈವರನ ಮುಖ ನೋಡಿದಳು. ಎಲ್ಲರೂ ನೋಡಿದರು.

“ಎಂಬತ್ತೊಂದು,” ಎಂದ ಡ್ರೈವರ್.

“ಖಂಡಿತಾನಾ?”

“ಖಂಡಿತ.”

ಕಾವಲುಗಾರ ಬರೆದುಕೊಂಡು ಪುಸ್ತಕವನ್ನು ಇವನ ಕಡೆ ತಿರುಗಿಸಿದ. “ಹೇಳಿದವರೇ ಸಹಿ ಹಾಕ್ಬೇಕು. ಪಕ್ಕದಲ್ಲಿ ನಿಮ್ಮ ವಯಸ್ಸೂ ಬರೀರಿ.”

ಡ್ರೈವರ್ ಸಹಿ ಹಾಕಿದ. ಪಕ್ಕದ ಚೌಕ ಖಾಲಿಯಿತ್ತು. ಆಫೀಸಿನ ಗಡಿಯಾರ ಈಗ ಹನ್ನೊಂದು ದಾಟಿರಬೇಕು. ಹಿಂದೆ ಗುಮಾಸ್ತನ ಉಸಿರು ಕೇಳುತ್ತಿತ್ತು. ವ್ಯಾನಿನ ತೆರೆದ ಬಾಗಿಲಿನಿಂದ ಇಸ್ತ್ರಿಯ ಗೆರೆ ಮುರಿಯದ ಬಟ್ಟೆಯ ಅಂಚು ಕಾಣುತ್ತಿತ್ತು.

“ಬೇಗ ಬರೀರಿ ಸಾರ್.”

ಅವನು ಐವತ್ತೆಂಟು ಎಂದು ಬರೆದ. ಕಾವಲುಗಾರ ಅದರ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ, ಪುಸ್ತಕ ಮುಚ್ಚಿ, “ಸರಿ, ಇಳಿಸಿ,” ಎಂದ.